ದೋಫಾರಿನ ಕಡಲಿಗೆ ಕಟ್ಟುವ ಫ್ಲೈ

ಒಮಾನಿನ ದಕ್ಷಿಣ ತೀರವಾದ ದೋಫಾರಿನಲ್ಲಿ, ಅಲ್ಲಿಯವರು ಖರೀಫ್ ಎಂದು ಕರೆಯುವ ಮಳೆಗಾಲವು ಸೆಪ್ಟೆಂಬರ್ ತಿಂಗಳ ಕಡೆಯ ವಾರದ ಹೊತ್ತಿಗೆ ತನ್ನ ಮಂಜನ್ನೂ ತುಂತುರನ್ನೂ ಹಿಂತೆಗೆದುಕೊಂಡು, ಮೂರು ತಿಂಗಳ ಕಾಲ ಬಂಡೆಗಳಿಗೆ ಅಪ್ಪಳಿಸುತ್ತಿದ್ದ ಕಡಲು ಕ್ರಮಕ್ರಮವಾಗಿ ಶಾಂತವಾಗಿ ತಿಳಿಯಾಗತೊಡಗಿದಾಗ, ಮಸ್ಕತ್ತಿನಲ್ಲಿರುವ ಗಾಳದ ವ್ಯಸನಿಗಳ ಮನಸ್ಸು ಸಾವಿರ ಕಿಲೋಮೀಟರಿಗೂ ಮಿಕ್ಕ ಆ ದಾರಿಯ ಕಡೆಗೆ ತಾನಾಗಿಯೇ ತಿರುಗುವುದು. ನಿಜ್ವಾ, ಆದಮ್, ಹೈಮಾಗಳನ್ನು ದಾಟಿ ತುಮ್ರೈತಿನವರೆಗೆ ಹಬ್ಬಿದ ಆ ಮರಳುಗಾಡಿನಲ್ಲಿ ಪೆಟ್ರೋಲು ಸಿಕ್ಕೀತು, ಬಿಸಿ ಚಹವೂ ಪರೋಟವೂ ಸಿಕ್ಕಾವು. ಆದರೆ ಸಲಾಲಾವನ್ನು ಬಿಟ್ಟು ಮಿರ್ಬಾತ್, ಸದಹ್, ಹದ್ಬೀನ್, ಹಾಸಿಕ್ ಎಂದು ಪೂರ್ವಕ್ಕೆ ಸರಿದಂತೆಲ್ಲ, ಕಳೆದುಹೋದ ಒಂದು ಫ್ಲೈಗೆ ಪ್ರತಿಯಾಗಿ ಇನ್ನೊಂದನ್ನು ಕೊಳ್ಳಬಹುದೆಂಬ ಆಸೆಯನ್ನು ಬಿಡಬೇಕು. ಆದಕಾರಣ ಈ ದೀರ್ಘಪ್ರಯಾಣದ ಸಿದ್ಧತೆಯು ಮನೆಯ ಮೇಜಿನ ಮೇಲೆ, ದೀಪದ ಬೆಳಕಿನಲ್ಲಿ, ಹೊರಡುವುದಕ್ಕೆ ಬಹಳ ದಿನಗಳ ಮುಂಚೆಯೇ ಆರಂಭವಾಗತಕ್ಕದ್ದು.

ಗಾಳದ ಕೊಕ್ಕೆಯ ಕಾಲಿಗೆ ಗರಿ, ರೋಮ, ನೂಲು ಮೊದಲಾದವನ್ನು ದಾರದಿಂದ ಬಿಗಿದು, ಮೀನು ತಿನ್ನುವ ಯಾವುದೋ ಒಂದು ಜೀವಿಯ ಭ್ರಾಂತಿ ಹುಟ್ಟುವಂತೆ ಫ್ಲೈಯನ್ನು ರಚಿಸುವ ಈ ವಿದ್ಯೆ ಬಹಳ ಹಳೆಯದು. ಕ್ರಿ.ಶ. 200ರ ಸುಮಾರಿನಲ್ಲಿ ಈಲಿಯನ್ ಎಂಬ ರೋಮಿನ ಗ್ರಂಥಕಾರನು, ಮ್ಯಾಸಿಡೋನಿಯದ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ ಹುಂಜದ ಎರಡು ಗರಿಗಳನ್ನು ಸೇರಿಸಿ ಹೊಳೆಯ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇಂದಿಗೂ ಅಮೆರಿಕದ ಕೆರೆಗಳಲ್ಲಿ ಅಂಗೈಯಗಲದ ಸನ್‌ಫಿಶ್ ಮೀನುಗಳಿಗಾಗಿ ರಜೆಯ ಪ್ರವಾಸ ಹೊರಡುವವರು, ಹತ್ತನೆಯ ಅಥವಾ ಹನ್ನೆರಡನೆಯ ಅಳತೆಯ ಪುಟ್ಟ ಕೊಕ್ಕೆಗೆ ನವಿಲುಗರಿಯ ಎಳೆಯನ್ನು ಸುತ್ತಿ, ರಬ್ಬರಿನ ನಾಲ್ಕು ಕಾಲುಗಳನ್ನು ಸಿಕ್ಕಿಸಿ, ಡಬ್ಬಿ ತುಂಬಿಸಿಕೊಂಡು ಹೋಗುತ್ತಾರೆ. ಆ ಮೀನು ಉದಾರಿ. ಕಟ್ಟಿದವನ ಕೈಯ ಲೋಪಗಳನ್ನು ಅದು ಕ್ಷಮಿಸುತ್ತದೆ. ದೋಫಾರಿನ ಮೀನಿನಲ್ಲಿ ಅಂಥ ಔದಾರ್ಯವನ್ನು ನಿರೀಕ್ಷಿಸುವಂತಿಲ್ಲ.

ನಮ್ಮ ಮಲ್ಪೆ ಗಂಗೊಳ್ಳಿಗಳ ದೋಣಿಗಳನ್ನು ದಡ ಸೇರಿಸುವ ಅದೇ ನೈರುತ್ಯ ಮಾರುತವು ಅರಬಸ್ತಾನದ ತೀರಕ್ಕೆ ಸಮಾನಾಂತರವಾಗಿ ಬೀಸಿ, ಮೇಲ್ಪದರದ ಬಿಸಿ ನೀರನ್ನು ದಡದಿಂದ ಆಚೆಗೆ ತಳ್ಳುವುದರಿಂದ, ಆಳದಲ್ಲಿದ್ದ ತಣ್ಣೀರು ತನ್ನ ಪೋಷಕಾಂಶಗಳೊಡನೆ ಮೇಲಕ್ಕೆ ಬರುತ್ತದೆ. ಸುಡುವ ಮರುಭೂಮಿಯ ಅಂಚಿನಲ್ಲಿಯೇ ತಣ್ಣೀರಿನ ಕಡಲುಗಳಲ್ಲಿ ಬೆಳೆಯತಕ್ಕ ಕೆಲ್ಪ್ ಎಂಬ ಕಂದು ಕಡಲಸಸ್ಯವು ಆ ದಿನಗಳಲ್ಲಿ ತಲೆಯೆತ್ತುತ್ತದೆ. ಬಂಡೆಗಳ ಮೇಲೆ ಪಚ್ಚಿಲೆ ದಟ್ಟೈಸುತ್ತದೆ, ಮರಳಿನಲ್ಲಿ ಏಡಿಗಳು ತುಂಬುತ್ತವೆ. ಈ ಸಮೃದ್ಧಿಯನ್ನು ಉಣ್ಣಲು ಅಲೆಯ ನೊರೆಯೊಳಗೆ ಬರುವ ಮೀನುಗಳಲ್ಲಿ, ಗಾಳದವರು ಪರ್ಮಿಟ್ ಎಂದು ಕರೆಯುವ ಪೋಂಪಾನೋ ಜಾತಿಯೇ ಶ್ರೇಷ್ಠವೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಆಫ್ರಿಕದ ದಕ್ಷಿಣದಿಂದ ಒಮಾನಿನವರೆಗೆ ಹಬ್ಬಿರುವ ಇದರ ದೊಡ್ಡ ಜಾತಿಯು ಗಂಟಲಿನೊಳಗಿನ ಗಟ್ಟಿ ಫಲಕಗಳಿಂದ ಚಿಪ್ಪನ್ನು ಅರೆದು ನುಂಗುತ್ತದೆ. ಅದರ ಬಾಲದ ತುದಿ, ಮೊಣಕಾಲುದ್ದದ ನೀರಿನಲ್ಲಿ ಅದು ತಲೆ ಕೆಳಗೆ ಮಾಡಿ ಮೇಯುವಾಗ, ಕುಡುಗೋಲಿನಂತೆ ಬಾಗಿ ಮೇಲೆದ್ದು ಮಿನುಗುತ್ತದೆ. ಫ್ಲೈಯನ್ನು ಕಂಡರೆ ಹಿಂಬಾಲಿಸುತ್ತದೆ, ಬಾಗಿ ನೋಡುತ್ತದೆ, ಮೂಗಿನಷ್ಟು ದೂರದಲ್ಲಿ ನಿಂತು ವಿಮರ್ಶಿಸುತ್ತದೆ, ಅನಂತರ ಬಹುಮಟ್ಟಿಗೆ ಹೊರಟುಹೋಗುತ್ತದೆ. ಹೊರಟುಹೋಗದಂತೆ ಮಾಡುವುದು ಏಡಿಯ ಫ್ಲೈಯ ಹೊಣೆ.

ಆ ಏಡಿಯನ್ನು ಕಟ್ಟುವ ಬಗೆಯನ್ನು ಕೊಂಚ ವಿವರವಾಗಿಯೇ ಹೇಳಬೇಕು. ವೈಸ್ ಎಂಬ ಬಿಗಿಹಿಡಿಯ ದವಡೆಯಲ್ಲಿ ಎರಡನೆಯ ಅಳತೆಯ ದಪ್ಪ ತಂತಿಯ ಕೊಕ್ಕೆಯನ್ನು ಕಚ್ಚಿಸಿ, ಕಾಲಿನ ಉದ್ದಕ್ಕೂ ದಾರವನ್ನು ಒತ್ತಾಗಿ ಸುತ್ತಿ, ಕೊಕ್ಕೆಯ ಕಣ್ಣಿನ ಹಿಂದೆ ಜೋಡಿಗುಂಡಿನ ಸೀಸವನ್ನಿಟ್ಟು, ಎಂಟರ ಅಂಕಿಯ ಆಕಾರದಲ್ಲಿ ದಾರವನ್ನು ಎಳೆದೆಳೆದು ಬಿಗಿದು, ಬುಡಕ್ಕೆ ಒಂದು ಹನಿ ಅಂಟನ್ನು ಬಿಡಬೇಕು. ಈ ಗುಂಡು ಬೆರಳಿಗೆ ಅಲುಗಿತೆಂದರೆ ಬಿಚ್ಚಿ ಮತ್ತೆ ಕಟ್ಟುವುದೇ ಸರಿ. ಹಿಂಬದಿಯಲ್ಲಿ ಹುಂಜದ ಕತ್ತಿನ ಗರಿಗಳನ್ನು ಎರಡು ಪಕ್ಕಕ್ಕೂ ಅಗಲಿಸಿ ಕಟ್ಟಿದರೆ ಅವೇ ಕೊಂಡಿಗಳಾಗುತ್ತವೆ. ಅನಂತರ ಉಣ್ಣೆನೂಲಿನ ಚಿಕ್ಕ ತುಂಡುಗಳನ್ನು, ಕಂದು ಬಣ್ಣದ್ದೊಂದು ಮರಳಿನ ಬಣ್ಣದ್ದೊಂದು ಎಂಬ ಕ್ರಮದಲ್ಲಿ, ಕೊಕ್ಕೆಯ ಕಾಲಿಗೆ ಅಡ್ಡಲಾಗಿ ಒಂದರ ಪಕ್ಕ ಒಂದರಂತೆ ಕಟ್ಟುತ್ತ ಬಂದು, ನಡುನಡುವೆ ರಬ್ಬರಿನ ಎಳೆಗಳನ್ನು ಕಾಲುಗಳಾಗಿ ಸೇರಿಸಿ, ಪ್ರತಿಯೊಂದು ಕಾಲಿಗೂ ಕೀಲಿನ ಜಾಗದಲ್ಲಿ ಒಂದು ಗಂಟು ಹಾಕಬೇಕು. ಕಡೆಯಲ್ಲಿ ಕತ್ತರಿ ಹಿಡಿದು ನೂಲನ್ನು ದುಂಡಗೆ, ಚಪ್ಪಟೆಯಾಗಿ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾಗಿ ಕತ್ತರಿಸಿದಾಗ, ಅದುವರೆಗೆ ಕಸದಂತೆ ಕೆದರಿಕೊಂಡಿದ್ದ ವಸ್ತುವಿನೊಳಗಿಂದ ಏಡಿಯೊಂದು ಹೊರಬರುತ್ತದೆ; ಎಷ್ಟು ಸಲ ಕಟ್ಟಿದರೂ ಈ ಕ್ಷಣದ ಆನಂದ ಹಳತಾಗುವುದಿಲ್ಲ. ಈ ರಚನೆಯನ್ನು ಪ್ರಸಿದ್ಧಿಗೆ ತಂದ ಡೆಲ್ ಬ್ರೌನ್ ಎಂಬ ಕ್ಯಾಲಿಫೋರ್ನಿಯದ ಗಾಳಗಾರನು ಫ್ಲಾರಿಡದ ದ್ವೀಪಗಳಲ್ಲಿ ಐನೂರಕ್ಕೂ ಹೆಚ್ಚು ಪರ್ಮಿಟ್ ಮೀನುಗಳನ್ನು ಹಿಡಿದನೆಂಬುದನ್ನು ನೆನೆದರೆ, ಇದನ್ನು ಸುಧಾರಿಸುವ ಆತುರವನ್ನು ಹೊಸಬರು ಕೆಲವು ಕಾಲ ತಡೆಹಿಡಿಯುವುದು ಒಳ್ಳೆಯದೆಂದು ತೋರುತ್ತದೆ.

ಎರಡನೆಯ ಫ್ಲೈ ಬೂತಾಯಿಯದು. ನಮ್ಮ ಕರಾವಳಿಯ ಊಟದ ತಟ್ಟೆಗೆ ಬರುವ ಬೂತಾಯಿಯೇ ಒಮಾನಿನ ಕಡಲಲ್ಲಿಯೂ ಹಿಂಡುಗಟ್ಟುತ್ತದೆ. ದೋಫಾರಿನ ಬೆಸ್ತರು ಇಂದಿಗೂ ದಡದಿಂದಲೇ ದೊಡ್ಡ ಬಲೆಯನ್ನು ಬಳಸಿ, ಹಲವರು ಕೂಡಿ ಎಳೆದು, ಸಿಕ್ಕಿದ ರಾಶಿಯನ್ನು ಮರಳಿನ ಮೇಲೆ ಒಣಗಿಸಿ ಒಂಟೆಗೂ ದನಕ್ಕೂ ಮೇವಾಗಿ ಇಡುವುದನ್ನು ನೋಡುವಾಗ, ಕನ್ನಡ ಜಿಲ್ಲೆಗಳ ರಂಪಣಿ ಬಲೆಯ ವೈಭವವನ್ನು ಕಂಡಿದ್ದ ಹಿರಿಯರಿಗೆ ಕಣ್ಣು ತೇವವಾದೀತು. ಆ ಹಿಂಡುಗಳ ಬೆನ್ನು ಹತ್ತಿ ಕರಾವಳಿಯವರು ಕೊಕ್ಕರ್ ಎನ್ನುವ ಕುಲದ ದೊಡ್ಡ ಮೀನುಗಳೂ, ದಾರವನ್ನು ಹಲ್ಲಿನಿಂದ ಕಡಿದುಹಾಕುವ ಬ್ಲೂಫಿಶ್ ಮೀನುಗಳೂ ಬರುತ್ತವೆ. ಇವಕ್ಕೆಲ್ಲ ಒಂದೇ ಉತ್ತರವಾಗಿ ನಾನು ಕ್ಲೌಸರ್ ಮಿನ್ನೋ ಎಂಬುದನ್ನು ಕಟ್ಟುತ್ತೇನೆ. ಪೆನ್ಸಿಲ್ವೇನಿಯದ ಬಾಬ್ ಕ್ಲೌಸರ್ ಎಂಬಾತನು 1980ರ ದಶಕದಲ್ಲಿ ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬ್ಯಾಸ್ ಮೀನಿಗಾಗಿ ಇದನ್ನು ರೂಪಿಸಿದನು. ಆ ಬ್ಯಾಸ್ ಮೀನು ಮೇಲೆ ಹೇಳಿದ ಸನ್‌ಫಿಶ್ ಕುಟುಂಬಕ್ಕೇ ಸೇರಿದುದು. ಸಿಹಿನೀರಿನ ಆ ಕುಟುಂಬಕ್ಕಾಗಿ ಹುಟ್ಟಿದ ರಚನೆಯು ಅರಬ್ಬೀ ಸಮುದ್ರದಲ್ಲಿ ಇಷ್ಟು ಚೆನ್ನಾಗಿ ಸಲ್ಲುವುದಕ್ಕೆ ಕಾರಣ, ಅದರ ಮಿತವ್ಯಯ: ಒಂದು ಜೊತೆ ಸೀಸದ ಕಣ್ಣು, ಹೊಟ್ಟೆಗೆ ಬಿಳಿಯ ರೋಮ, ಬೆನ್ನಿಗೆ ಹಸುರು ಅಥವಾ ನೀಲಿ ರೋಮ, ನಡುವೆ ಹೊಳೆಯುವ ನಾಲ್ಕಾರು ಎಳೆ. ರೋಮವನ್ನು ಹೆಚ್ಚು ಇಟ್ಟವರೇ ಇದನ್ನು ಕೆಡಿಸುವವರು. ದೀಪಕ್ಕೆ ಹಿಡಿದಾಗ ರೋಮದ ನಡುವಿನಿಂದ ಬೆಳಕು ಕಾಣದಿದ್ದರೆ ಅರ್ಧವನ್ನು ಕಿತ್ತು ತೆಗೆಯಿರಿ.

ಇನ್ನು ತೂಕದ ಮಾತು. ಬಣ್ಣದ ಬಗ್ಗೆ, ಕಾಲುಗಳ ಸಂಖ್ಯೆಯ ಬಗ್ಗೆ ವಾದಿಸುವ ಗಾಳಗಾರರು ಬಹಳ. ಫ್ಲೈಯು ನೀರಿನಲ್ಲಿ ಎಷ್ಟು ಬೇಗ ಮುಳುಗುತ್ತದೆಂಬುದನ್ನು ಎಣಿಸಿ ನೋಡುವವರು ವಿರಳ. ಬೆದರಿದ ಏಡಿಯು ಓರೆಯಾಗಿ ತಳಕ್ಕೆ ಇಳಿದು ಮರಳು ಸೇರುತ್ತದೆ. ಅಲೆಯ ಸೆಳೆತದಲ್ಲಿ ಹಗುರವಾದ ಫ್ಲೈ ತಳವನ್ನು ಮುಟ್ಟುವ ಮೊದಲೇ ಮೀನು ದಾಟಿಹೋಗಿರುತ್ತದೆ. ಮಸೀರಾ ದ್ವೀಪದ ಸುತ್ತಲಿನ ಆಳವಿಲ್ಲದ ನೀರಿನಲ್ಲಾದರೋ, ಅದೇ ಭಾರದ ಗುಂಡು ಕಲ್ಲಿನಂತೆ ಬಿದ್ದು ಮೀನನ್ನೆಲ್ಲ ಓಡಿಸುತ್ತದೆ. ಆದ್ದರಿಂದ ದೂರದ ಪ್ರಯಾಣಕ್ಕೆ ಹತ್ತು ಬಗೆಯ ಫ್ಲೈಗಳಿಗಿಂತ ಎರಡೇ ಬಗೆಯನ್ನು ಮೂರು ಮೂರು ತೂಕಗಳಲ್ಲಿ ಕಟ್ಟುವುದು ಮೇಲು. ಡಬ್ಬಿಯೊಳಗೆ ಅವು ಕಣ್ಣಿಗೆ ಒಂದೇ ತೆರನಾಗಿ ಕಾಣುವುದರಿಂದ, ತಲೆಯ ಕಡೆಯ ಸುತ್ತುಗಳಿಗೆ ಭಾರದ್ದಕ್ಕೆ ಕೆಂಪು ದಾರ, ಮಧ್ಯಮಕ್ಕೆ ಕಿತ್ತಳೆ, ಹಗುರಕ್ಕೆ ಬಿಳಿ ಎಂದು ಗುರುತಿಟ್ಟುಕೊಂಡರೆ ಗಾಳಿಯಲ್ಲಿ ನಿಂತು ತಡಕಾಡಬೇಕಾಗುವುದಿಲ್ಲ.

ಗರಿಗಳ ವಿಷಯದಲ್ಲಿ ಕನ್ನಡಿಗನಾಗಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿಗಾಗಿ ಕಟ್ಟುತ್ತಿದ್ದ ವೈಭವದ ಫ್ಲೈಗಳಲ್ಲಿ, ಪ್ರಖ್ಯಾತವಾದ ಜಾಕ್ ಸ್ಕಾಟ್ ಮೊದಲಾದವುಗಳಲ್ಲಿ, ಕೆನ್ನೆಯ ಮೇಲೆ ಮೇಣದಂತೆ ಹೊಳೆಯುವ ಒಂದು ಚುಕ್ಕೆಯ ಗರಿ ಕಾಣುತ್ತದೆ. ಅದು ಕೊಡಗು ಮಲೆನಾಡುಗಳೂ ಸೇರಿದಂತೆ ದಕ್ಷಿಣ ಭಾರತದ ಕಾಡುಗಳಲ್ಲಿ ಕೂಗುವ ನಮ್ಮ ಬೂದು ಕಾಡುಕೋಳಿಯ ಹುಂಜದ ಕತ್ತಿನ ಗರಿ. ಆ ಒಂದು ಚುಕ್ಕೆಗಾಗಿ ನಮ್ಮ ಕಾಡಿನಿಂದ ಸಮುದ್ರ ದಾಟಿದ ಕತ್ತಿನ ತೊಗಲುಗಳೆಷ್ಟೋ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿದೆ. ಊರಿಗೆ ಹೋದಾಗ ಯಾರಾದರೂ ಗುಟ್ಟಾಗಿ ಆ ಗರಿಯನ್ನು ತೋರಿಸಿದರೆ ಕೊಳ್ಳಬೇಡಿರಿ. ಬೆಲೆ ಕಡಿಮೆಯೆಂದು ಮನಸ್ಸು ಜಾರಗೊಡಬೇಡಿರಿ. ಜಿಂಕೆಯ ಬಾಲದ ರೋಮಕ್ಕೂ ಇದೇ ವಿವೇಕ ಸಲ್ಲುತ್ತದೆ: ಅಮೆರಿಕದ ಬಿಳಿಬಾಲದ ಜಿಂಕೆಯದೆಂದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಬಳಸಬೇಕು, ಇಲ್ಲವಾದರೆ ಕೃತಕ ಎಳೆ. ಸಾಕಿದ ಕೋಳಿಯ ಗರಿ, ಉಣ್ಣೆ, ರಬ್ಬರು, ಕೃತಕ ಎಳೆ ಇವಿಷ್ಟರಿಂದಲೇ ದೋಫಾರಿನ ಅತ್ಯಂತ ಸಂಶಯಗ್ರಸ್ತ ಮೀನನ್ನೂ ಒಲಿಸಬಹುದು.

ಮುಗಿದ ಪ್ರತಿಯೊಂದು ಕೊಕ್ಕೆಯ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲನೆ ಎಳೆದು ನೋಡಿರಿ; ಜಾರಿದರೆ ಅರಕ್ಕೆ ಕೊಡಿರಿ, ನಾಟಿಕೊಂಡರೆ ಡಬ್ಬಿಗೆ ಸೇರಿಸಿರಿ. ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದರೆ ಹಿಡಿದ ಪರ್ಮಿಟನ್ನು ಗಾಯವಿಲ್ಲದೆ ಮರಳಿ ಬಿಡಬಹುದು. ಬಿಡುವುದೇ ಧರ್ಮವೆಂದು ನಾನು ನಂಬಿದ್ದೇನೆ. ಪ್ರತಿ ಸಂಜೆ, ಬಳಸಿದ ಫ್ಲೈಗಳನ್ನು ಸಿಹಿನೀರಿನಲ್ಲಿ ಅದ್ದಿ ಒಣಗಿಸದೆ ಡಬ್ಬಿಗೆ ಹಾಕಿದರೆ, ಒಂದರ ತುಕ್ಕು ಎಲ್ಲಕ್ಕೂ ಹತ್ತುತ್ತದೆ. ಹೊರಡುವ ಮುಂಚೆ ಸಚಿವಾಲಯದ ಮೀನುಗಾರಿಕೆಯ ನಿಯಮಗಳನ್ನು ಓದಿಕೊಳ್ಳಿರಿ. ನಾವು ಅಂಜಲ್ ಎನ್ನುವ ಮೀನಿಗೆ ಒಮಾನಿನಲ್ಲಿ ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ನಿಷೇಧವುಂಟು. ಕಡಲು ತಿಳಿಯಾಗುವುದಕ್ಕೆ ಇನ್ನೂ ಕೆಲವು ವಾರಗಳಿವೆ. ಕೊಕ್ಕೆ, ಸೀಸ, ನೂಲುಗಳನ್ನು ಈ ವಾರವೇ ತರಿಸಿಕೊಂಡು ದಿನಕ್ಕೆ ಎರಡರಂತೆ ಕಟ್ಟತೊಡಗಿರಿ.