ಕೊರಲೆ ಗಂಜಿಗೆ ಯಾವ ಅಕ್ಕಿ?

ಶಿರಾದ ಅಂಗಡಿಗಳಲ್ಲೂ ಈಗ ಓಟ್ಸ್ ಸಿಗುತ್ತದೆ. ಕಾಳು ತುಂಡರಿಸಿದ್ದು ಬೇಯಲು ಅರ್ಧ ಗಂಟೆಯಾದರೂ ಬೇಕು. ಹಬೆ ಕೊಟ್ಟು ಚಪ್ಪಟೆ ಮಾಡಿದ್ದು ಬೇಗ ಬೇಯುತ್ತದೆ. ಇನ್ನೂ ತೆಳ್ಳಗೆ ಒತ್ತಿದ್ದು ಬಿಸಿನೀರು ಕಂಡರೆ ಸಾಕು, ಅಂಟಾಗಿಬಿಡುತ್ತದೆ. ಇದನ್ನೆಲ್ಲ ವಿಚಾರಿಸಿ ಕೊಳ್ಳುವವರೇ ಕೊರಲೆಯ ಮುಂದೆ ನಿಂತಾಗ ‘ಒಂದು ಕೆಜಿ ಕೊಡಪ್ಪ’ ಅಂದು ಚೀಲ ಒಡ್ಡುತ್ತಾರೆ. ನನ್ನ ತಕರಾರು ಅದಕ್ಕೇ.

ಕೊರಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಳೆಯಾಶ್ರಿತ ಹೊಲಗಳ ಬೆಳೆ. ಚಿತ್ರದುರ್ಗದ ಕಡೆ, ಗಡಿಯಾಚೆ ಅನಂತಪುರದಲ್ಲೂ ಉಂಟು. ಅದರಾಚೆಗೆ ಬೆಳೆಯುವವರು ಕಡಿಮೆ. ಹುಣಸೆ ಮರದ ನೆರಳಲ್ಲೂ ಬರುತ್ತದೆ, ಮೂರು ತಿಂಗಳಲ್ಲಿ ಕೊಯ್ಲಿಗೂ ಸಿಗುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಇದರ ಸುಟ್ಟ ಕಾಳು ಹುರುಳಿಯ ಜೊತೆಗೇ ಸಿಕ್ಕಿದೆ. 2023ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಡಾ. ಖಾದರ್ ತಮ್ಮ ಐದು ಸಿರಿಧಾನ್ಯಗಳಲ್ಲಿ ಇದನ್ನೂ ಎಣಿಸಿದ ಮೇಲೆ ಪೇಟೆಯವರೂ ಹುಡುಕತೊಡಗಿದರು.

ಗಂಜಿಗೆ ನವಣೆ, ಸಾಮೆ ಆಗದೇ? ಆಗುತ್ತದೆ. ಆದರೆ ನವಣೆ ಆರಿದ ಮೇಲೆ ಬಿರುಸು, ಸಾಮೆ ಅನ್ನಕ್ಕೇ ಚೆಂದ. ಕೊರಲೆ ನೀರಿನ ಜೊತೆ ಮೆತ್ತಗೆ ಕೂಡಿಕೊಂಡು ತಾನಾಗಿ ಮಂದವಾಗುತ್ತದೆ.

ಕೊಳ್ಳುವಾಗ ಮೊದಲು ಬಣ್ಣ ನೋಡಿ. ಬೆಳ್ಳಗೆ ಹೊಳೆಯುವ ಅಕ್ಕಿಯ ತೌಡೆಲ್ಲ ಮಿಲ್ಲಿನಲ್ಲೇ ಉಳಿದಿದೆ, ಅದರ ಗಂಜಿ ಬರೀ ಗಂಜಿನೀರು. ತುಸು ಹಸಿರು ಬೆರೆತ ಮಾಸಲು ಬಣ್ಣದ್ದೇ ಬೇಕು. ಆಮೇಲೆ ಅಂಗೈಯಲ್ಲಿ ಉಜ್ಜಿ ಮೂಸಿ. ಓಟ್ಸಿಗೆ ಕಾರ್ಖಾನೆಯಲ್ಲೇ ಹಬೆ ಕೊಡುವುದು ಅದರ ಎಣ್ಣೆ ಕೆಡದಿರಲಿ ಎಂದು. ನಮ್ಮ ಮಿಲ್ಲಿನ ಕೊರಲೆಗೆ ಆ ಕಾವಲಿಲ್ಲ. ಸಿಪ್ಪೆ ಬಿಟ್ಟ ಮೇಲೆ ತೌಡಿನ ಎಣ್ಣೆ ಗಾಳಿಗೆ ಬಿದ್ದು ಕಮಟು ಹಿಡಿಯುತ್ತದೆ. ಹಿಟ್ಟು ಇನ್ನೂ ಬೇಗ ಕೆಡುತ್ತದೆ. ಆದ್ದರಿಂದ ಹಿಟ್ಟಿನ ಪೊಟ್ಟಣ ಎಷ್ಟು ಅಗ್ಗವಾದರೂ ನಾನು ಮುಟ್ಟುವವನಲ್ಲ. ಇಡೀ ಅಕ್ಕಿ ತಂದು, ಬೇಕಾದಷ್ಟನ್ನು ಮನೆಯಲ್ಲೇ ನುಚ್ಚು ಮಾಡುವುದು ಮೇಲು.

ತಂದದ್ದನ್ನು ಗಾಳಿಸಲೇಬೇಕು. ರಸ್ತೆಯ ಮೇಲೆ ಹಾಸಿ ಬಡಿದ ಕಾಳಾದರೆ ಕಲ್ಲು ತಪ್ಪಿದ್ದಲ್ಲ. ಗಾಳಿಸಿ, ನೆರಳಲ್ಲಿ ಆರಿಸಿ, ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಬೀಸುಕಲ್ಲಿಗೆ ಹಾಕಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಅರ್ಧ ಹಿಟ್ಟಾಗಿ ತಳ ಹಿಡಿಯುತ್ತದೆ. ಒಂದು ಲೋಟ ನುಚ್ಚಿಗೆ ಎಂಟು ಲೋಟ ನೀರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಸಣ್ಣ ಉರಿಯಲ್ಲಿ ಬೇಯಿಸಿ, ಕಾಳು ಒಡೆದು ಹರಡಿದ ಮೇಲೆಯೇ ಉಪ್ಪು. ಆರಿದ ಮೇಲೆ ಮಜ್ಜಿಗೆ ಬೆರೆಸಿ, ನಂಜಿಕೊಳ್ಳಲು ಹುಚ್ಚೆಳ್ಳು ಚಟ್ನಿಪುಡಿ. ಹಾಲು, ಸಕ್ಕರೆ ಹಾಕಿಕೊಂಡು ಓಟ್ಸಿನಂತೆ ಉಣ್ಣುವವರಿದ್ದಾರೆ. ಅವರ ಬಾಯಿ, ಅವರ ಇಷ್ಟ.