ಅಳೆಯುವ ಮುನ್ನ ಅಳತೆಗೋಲನ್ನು ಪರೀಕ್ಷಿಸಿ

ಪ್ರಯೋಗಶಾಲೆಯಲ್ಲಿ ತಂತಿಯ ವ್ಯಾಸವನ್ನು ಅಳೆಯಲು ಹೇಳಿದರೆ ನೀವು ಮೀಟರ್ ಪಟ್ಟಿಯನ್ನು ತೆಗೆದುಕೊಳ್ಳುವುದಿಲ್ಲ, ಸ್ಕ್ರೂಗೇಜ್ ಕೇಳುತ್ತೀರಿ. ಆಟದ ಮೈದಾನವನ್ನು ಅಳೆಯಲು ಸ್ಕ್ರೂಗೇಜ್ ಹಿಡಿದು ಹೊರಡುವುದೂ ಇಲ್ಲ. ಸರಿಯಾದ ಉಪಕರಣ ಕೈಗೆ ಬಂದ ಮೇಲೂ ಅದರ ಶೂನ್ಯದೋಷ ಎಷ್ಟು, ಕನಿಷ್ಠ ಅಳತೆ ಎಷ್ಟು ಎಂದು ಮೊದಲು ನೋಡುತ್ತೀರಿ. ಒಂದು ತುಂಡು ತಂತಿಗೆ ಇಷ್ಟು ಎಚ್ಚರ ತೋರಿಸುವ ನಾವು, ಮಗುವಿನ ಕಲಿಕೆಯನ್ನು ಅಳೆಯುವಾಗ ಮಾತ್ರ ಕೈಗೆ ಸಿಕ್ಕಿದ ಪ್ರಶ್ನೆಪತ್ರಿಕೆಯನ್ನು ಬಳಸಿಬಿಡುತ್ತೇವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಲೆಗಳನ್ನೇ ನೋಡಿ. ಪರೀಕ್ಷೆಗಳಿಗೆ ಕೊರತೆಯಿಲ್ಲ. ವರ್ಷದ ಆರಂಭದಲ್ಲಿ ಸೇತುಬಂಧ. ನಂತರ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು. ನಲಿ-ಕಲಿ ತರಗತಿಯಲ್ಲಿ ಪ್ರಗತಿನೋಟ. ಕೆಲವು ವರ್ಷಗಳಿಗೊಮ್ಮೆ ಕೇಂದ್ರದ ಸಮೀಕ್ಷೆ. ಗ್ರಾಮಗಳಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ ‘ಅಸರ್’ ಸಮೀಕ್ಷೆ. ಖಾಸಗಿ ಶಾಲೆಗಳಿಗೆ ಬಣ್ಣದ ವರದಿಗಳ ಭರವಸೆ ಕೊಡುವ ಪರೀಕ್ಷಾ ಕಂಪನಿಗಳು. ಇವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ತಕ್ಕದ್ದು ಎಂಬುದನ್ನು ಇಲ್ಲಿ ವಿಮರ್ಶಿಸೋಣ.

ಮೂರು ಬೇರೆ ಪ್ರಶ್ನೆಗಳು

ಶಾಲೆಯಲ್ಲಿ ಅಳತೆ ಬೇಕಾಗುವುದು ಮೂರು ಪ್ರಶ್ನೆಗಳಿಗೆ. ಒಂದು: ಈ ತರಗತಿಯಲ್ಲಿ ಯಾವ ಮಗುವಿಗೆ ವಿಶೇಷ ನೆರವು ಬೇಕು? ವೈದ್ಯರು ಸ್ಕ್ರೀನಿಂಗ್ ಎನ್ನುವ ಈ ಕೆಲಸವನ್ನು ನಾವು ಜರಡಿ ಪರೀಕ್ಷೆ ಎನ್ನೋಣ. ಎರಡು: ನೆರವು ಪಡೆಯುತ್ತಿರುವ ಮಗು ಮುಂದೆ ಸಾಗುತ್ತಿದೆಯೆ? ಇದು ಪ್ರಗತಿಯ ಅಳತೆ. ಮೂರು: ಜಿಲ್ಲೆಯ ಅಥವಾ ರಾಜ್ಯದ ಶಾಲೆಗಳು ಒಟ್ಟಾರೆ ಹೇಗಿವೆ? ಇದು ಸಮೀಕ್ಷೆ. ಒಂದು ಪ್ರಶ್ನೆಗೆಂದು ಮಾಡಿದ ಉಪಕರಣ ಮತ್ತೊಂದಕ್ಕೆ ಉತ್ತರ ಕೊಡಲಾರದು.

ಸಮೀಕ್ಷೆಯಿಂದಲೇ ಆರಂಭಿಸೋಣ. 2017 ಮತ್ತು 2021ರ ನವೆಂಬರ್‌ಗಳಲ್ಲಿ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆಯಿತು. ಅದರ ಮುಂದುವರಿಕೆಯಾಗಿ 2024ರ ಡಿಸೆಂಬರ್ 4ರಂದು ‘ಪರಖ್’ ಸಮೀಕ್ಷೆ 3, 6 ಮತ್ತು 9ನೆಯ ತರಗತಿಗಳಲ್ಲಿ ನಡೆಯಿತು. ಇವು ಆಯ್ದ ಶಾಲೆಗಳ ಆಯ್ದ ಮಕ್ಕಳಿಂದ ಇಡೀ ಜಿಲ್ಲೆಯ ಚಿತ್ರವನ್ನು ಊಹಿಸುತ್ತವೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ನಾಲ್ಕು ಅಗುಳು ಹಿಸುಕಿದಂತೆ. ಮಡಕೆಯ ಬಗ್ಗೆ ಹೇಳಲು ಇದು ಸಾಕು. ನಿಮ್ಮ ತರಗತಿಯ ಮೂರನೆಯ ಬೆಂಚಿನ ಹುಡುಗಿಯ ಬಗ್ಗೆ ಏನನ್ನೂ ಹೇಳದು. ಜಿಲ್ಲಾ ಸರಾಸರಿಯನ್ನು ತೋರಿಸಿ ಒಂದು ಶಾಲೆಯ ಶಿಕ್ಷಕರನ್ನು ಹೊಗಳುವುದಾಗಲಿ ಬೈಯುವುದಾಗಲಿ ಅಳತೆಯ ದುರುಪಯೋಗ.

ಶೂನ್ಯದೋಷ

ನಾಲ್ಕು ಆಯ್ಕೆಗಳಿರುವ ಇಪ್ಪತ್ತು ಪ್ರಶ್ನೆಗಳನ್ನು ಏನೂ ತಿಳಿಯದ ಮಗುವಿಗೆ ಕೊಡಿ. ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 5 ಅಂಕ ಬರುತ್ತದೆ. ಇದು ಆ ಪರೀಕ್ಷೆಯ ಶೂನ್ಯದೋಷ. ಸಂಭವನೀಯತೆಯ ಲೆಕ್ಕ ಗೊತ್ತಿರುವ ವಿದ್ಯಾರ್ಥಿಗಳು ಮಾನಕ ವಿಚಲನೆಯನ್ನೂ ಕಂಡುಹಿಡಿಯಬಹುದು: 20 × 0.25 × 0.75 = 3.75, ಇದರ ವರ್ಗಮೂಲ ಸುಮಾರು 2. ಅಂದರೆ ಅದೇ ಮಗುವಿಗೆ ಒಮ್ಮೆ 3, ಇನ್ನೊಮ್ಮೆ 7 ಬರುವುದು ಸಹಜ. ಜೂನ್‌ನಲ್ಲಿ 4 ಇದ್ದದ್ದು ಸೆಪ್ಟೆಂಬರ್‌ನಲ್ಲಿ 7 ಆಯಿತೆಂದು ಸಂಭ್ರಮಿಸುವ ಮುನ್ನ ಈ ಲೆಕ್ಕ ನೆನಪಿರಲಿ. ಅದು ಕಲಿಕೆ ಇರಬಹುದು, ಬರೀ ಅದೃಷ್ಟವೂ ಇರಬಹುದು. ಆದ್ದರಿಂದ ಚಿಕ್ಕ ಮಕ್ಕಳ ಜರಡಿ ಪರೀಕ್ಷೆಗೆ ಗುರುತು ಹಾಕುವ ಪತ್ರಿಕೆ ತಕ್ಕದ್ದಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು, ಲೆಕ್ಕ ಮಾಡಿಸಬೇಕು.

ಕನಿಷ್ಠ ಅಳತೆ

ಹೀಗೆ ಕೂರಿಸಿಕೊಂಡು ಓದಿಸುವ ಉಪಕರಣಗಳಲ್ಲಿ 2005ರಲ್ಲಿ ಆರಂಭವಾದ ಅಸರ್‌ನದು ಪ್ರಸಿದ್ಧ. ಓದಿನಲ್ಲಿ ಅದಕ್ಕೆ ಐದೇ ಮೆಟ್ಟಿಲು: ಏನೂ ಓದದ ಮಗು, ಅಕ್ಷರ ಓದುವ ಮಗು, ಪದ ಓದುವ ಮಗು, ಒಂದನೆಯ ತರಗತಿ ಮಟ್ಟದ ವಾಕ್ಯಗಳನ್ನು ಓದುವ ಮಗು, ಎರಡನೆಯ ತರಗತಿ ಮಟ್ಟದ ಕಥೆ ಓದುವ ಮಗು. ಗಣಿತದಲ್ಲೂ ಹಾಗೆಯೇ: ಅಂಕಿಗಳ ಗುರುತಿನಿಂದ ದಶಕ ತೆಗೆದುಕೊಳ್ಳುವ ವ್ಯವಕಲನ, ಅಲ್ಲಿಂದ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವವರೆಗೆ. ಇದರ ಸರಳತೆ ಮೆಚ್ಚತಕ್ಕದ್ದು. ಕೆಲವೇ ನಿಮಿಷಗಳಲ್ಲಿ, ಒಂದು ಹಾಳೆಯ ಖರ್ಚಿನಲ್ಲಿ, ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಕಥೆಯನ್ನು ಓದಲಾರದು ಎಂಬ ಸತ್ಯವನ್ನು ಅದು ಎದುರಿಗಿಡುತ್ತದೆ. ಒರಟು ಜರಡಿಯಾಗಿ ಅದು ಒಳ್ಳೆಯ ಉಪಕರಣ.

ಆದರೆ ಅದನ್ನೇ ತಿಂಗಳು ತಿಂಗಳು ಬಳಸಿ ಪ್ರಗತಿ ಅಳೆಯ ಹೊರಟರೆ ಮೀಟರ್ ಪಟ್ಟಿಯಿಂದ ತಂತಿಯ ವ್ಯಾಸ ಅಳೆದಂತಾಗುತ್ತದೆ. ತಡವರಿಸಿ ಪದ ಓದುತ್ತಿದ್ದ ಮಗು ಮೂರು ತಿಂಗಳ ಶ್ರಮದ ಬಳಿಕ ಸರಾಗವಾಗಿ ಪದ ಓದಬಹುದು. ಅಸರ್ ಹಾಳೆಯ ಪ್ರಕಾರ ಅದು ನಿಂತಲ್ಲೇ ನಿಂತಿದೆ. ಶಿಕ್ಷಕರಿಗೂ ಮಗುವಿಗೂ ನಿರಾಶೆ ಉಂಟಾಗುವುದು ಹೀಗೆ. ತಪ್ಪು ಉಪಕರಣದ್ದಲ್ಲ, ಅದನ್ನು ಆಯ್ದುಕೊಂಡವರದು.

ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿಂದಲೂ ಪ್ರಗತಿ ತಿಳಿಯದು. ಅದಕ್ಕೆ ಕಾರಣ ಬೇರೆ. ಮೊದಲನೆಯದರಲ್ಲಿ ಕೆಲವು ಪಾಠಗಳು, ಎರಡನೆಯದರಲ್ಲಿ ಬೇರೆ ಪಾಠಗಳು. ಸೋಮವಾರ ಉದ್ದವನ್ನೂ ಮಂಗಳವಾರ ಉಷ್ಣತೆಯನ್ನೂ ಅಳೆದು ‘ಏರಿದೆ’ ಎನ್ನಲಾಗದು. ಪಾಠ ತಿಳಿಯಿತೇ ಎಂದು ನೋಡಲು ಈ ಅಂಕಗಳು ಉಪಯುಕ್ತ; ಒಂದೇ ರೇಖೆಯ ಮೇಲೆ ಜೋಡಿಸಲು ಅಲ್ಲ.

ಸೇತುಬಂಧದಲ್ಲಿ ಒಂದು ಉತ್ತಮ ಗುಣವಿದೆ. ಅದು ಬುನಾದಿ ಸಾಮರ್ಥ್ಯಗಳನ್ನೂ ನಿಕಟಪೂರ್ವ ಸಾಮರ್ಥ್ಯಗಳನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಬರೆದರೆ ಆ ಗುಣ ಕಳೆದುಹೋಗುತ್ತದೆ. ಕೂಡಬೇಡಿ, ಯಾವ ಸಾಮರ್ಥ್ಯದಲ್ಲಿ ಎಡವಿತು ಎಂಬುದನ್ನು ಹಾಗೆಯೇ ಬರೆದಿಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿ-ಕಲಿಯ ಪ್ರಗತಿನೋಟ ಮಗು ಹತ್ತಿದ ಮೆಟ್ಟಿಲನ್ನು ತೋರಿಸುತ್ತದೆ. ಆದರೆ ಹತ್ತಿದ ಮೆಟ್ಟಿಲಿನಲ್ಲಿ ಮಗು ಎರಡು ತಿಂಗಳ ಬಳಿಕವೂ ನಿಂತಿದೆಯೇ ಎಂಬುದಕ್ಕೆ ಮರುಪರೀಕ್ಷೆ ಬೇಕು.

ಜರಡಿಯ ತಪ್ಪುಗಳು

ಯಾವ ಜರಡಿಯೂ ನಿರ್ದುಷ್ಟವಲ್ಲ. ಊಹೆಗಾಗಿ 40 ಮಕ್ಕಳ ತರಗತಿಯೊಂದನ್ನು ತೆಗೆದುಕೊಳ್ಳಿ. ನಿಜಕ್ಕೂ ನೆರವು ಬೇಕಾದವರು 8 ಮಂದಿ. ನಮ್ಮ ಪರೀಕ್ಷೆ ಅವರಲ್ಲಿ 7 ಮಂದಿಯನ್ನು ಹಿಡಿಯುತ್ತದೆ. ನೆರವು ಬೇಡದ 32 ಮಂದಿಯಲ್ಲಿ 8 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ ಎನ್ನೋಣ. ಇದು ಕೆಟ್ಟ ಪರೀಕ್ಷೆಯೇನಲ್ಲ. ಆದರೂ ಪಟ್ಟಿಗೆ ಬಂದ 15 ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿರಬೇಕಾದವರಲ್ಲ! ಅವರಿಗೆ ‘ಹಿಂದುಳಿದವರು’ ಎಂಬ ಹಣೆಪಟ್ಟಿ ಅಂಟಿದರೆ ಅದನ್ನು ಕೀಳುವುದು ಕಷ್ಟ.

ಒಂದು ವಾರದ ಬಳಿಕ ಆ 15 ಮಂದಿಗೆ ಮಾತ್ರ ಅಷ್ಟೇ ಗುಣಮಟ್ಟದ ಬೇರೊಂದು ಪರೀಕ್ಷೆ ಕೊಡಿ. ಎರಡರ ತಪ್ಪುಗಳೂ ಒಂದಕ್ಕೊಂದು ಸಂಬಂಧವಿಲ್ಲದವಾದರೆ 7ರಲ್ಲಿ ಸುಮಾರು 6 ಮಂದಿ ಉಳಿಯುತ್ತಾರೆ. ತಪ್ಪಾಗಿ ಬಂದ 8ರಲ್ಲಿ ಉಳಿಯುವವರು 2 ಮಂದಿ. ಪಟ್ಟಿ ಈಗ ಬಹುಮಟ್ಟಿಗೆ ನಂಬಲರ್ಹ. ಆದರೆ ನೆರವು ಬೇಕಾದ ಇಬ್ಬರು ಬಿಟ್ಟುಹೋದರು. ಅವರನ್ನು ಹಿಡಿಯಲು ದಿನವೂ ನೋಡುವ ಶಿಕ್ಷಕರ ಕಣ್ಣು ಬೇಕು. ಆರು ತಿಂಗಳಿಗೆ ಮತ್ತೊಮ್ಮೆ ಜರಡಿ ಹಿಡಿಯಬೇಕು.

ಈ ತತ್ತ್ವ ಗೌರಿಬಿದನೂರಿನವರಿಗೆ ಹೊಸದಾಗಬಾರದು. ಭಾಭಾ ಅಣು ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಅಲ್ಲಿ ಸ್ಥಾಪಿಸಿದ ಭೂಕಂಪನ ಮಾಪನ ಕೇಂದ್ರದಲ್ಲಿ ಸಂವೇದಕಗಳು ಇಂಗ್ಲಿಷಿನ ‘ಎಲ್’ ಆಕಾರದಲ್ಲಿ ಕಿಲೋಮೀಟರುಗಟ್ಟಲೆ ಹರಡಿವೆ. ಒಂದೇ ಸಂವೇದಕವಾದರೆ ಹತ್ತಿರದ ಲಾರಿಯ ಅದುರಾಟವೂ ದೂರದ ಭೂಮಿಯ ನಡುಕವೂ ಬೆರೆತುಹೋಗಬಹುದು. ಹಲವು ಸಂವೇದಕಗಳ ದಾಖಲೆಗಳನ್ನು ಸೇರಿಸಿದಾಗ ಸ್ಥಳೀಯ ಗದ್ದಲ ಅಡಗಿ ಸಂಕೇತ ಎದ್ದು ಕಾಣುತ್ತದೆ. ಹಸಿವು, ಜ್ವರ, ಹೆದರಿಕೆ ಇವೆಲ್ಲ ಮಗುವಿನ ಒಂದು ದಿನದ ಅಂಕದಲ್ಲಿ ಸೇರುವ ಗದ್ದಲ. ಒಂದೇ ಅಳತೆಯನ್ನು ನಂಬಬಾರದು.

ಭಾಷೆಯ ಪ್ರಶ್ನೆ

ಪ್ರಗತಿ ಅಳೆಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸ್ಟಾನ್ಲಿ ಡೆನೋ ಮತ್ತು ಸಂಗಡಿಗರು ಒಂದು ಸರಳ ವಿಧಾನವನ್ನು ರೂಪಿಸಿದರು: ಒಂದೇ ಮಟ್ಟದ ಹೊಸ ಹೊಸ ಭಾಗಗಳನ್ನು ಮಗು ಒಂದು ನಿಮಿಷ ಗಟ್ಟಿಯಾಗಿ ಓದುವುದು, ಸರಿಯಾಗಿ ಓದಿದ ಪದಗಳನ್ನು ಎಣಿಸಿ ನಕ್ಷೆಯಲ್ಲಿ ಗುರುತಿಸುವುದು. ವಿಧಾನ ಒಳ್ಳೆಯದು. ಆದರೆ ಅದರ ಅಂಕಿಗಳನ್ನು ಕನ್ನಡಕ್ಕೆ ಹಾಗೆಯೇ ತರಬಾರದು. ‘ಮನೆಯೊಳಗಿನಿಂದ’ ಎಂಬುದು ನಮಗೆ ಒಂದು ಪದ, ಏಳು ಅಕ್ಷರ. ಇದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಕು. ಕನ್ನಡದಲ್ಲಿ ಪದಗಳಿಗಿಂತ ಅಕ್ಷರಗಳನ್ನು ಎಣಿಸುವುದು ಉಚಿತ.

ಇನ್ನೊಂದು ವಿಷಯ. ನಮ್ಮ ಕಾಗುಣಿತದಲ್ಲೇ ನಾನೂರಕ್ಕೂ ಹೆಚ್ಚು ರೂಪಗಳಿವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿದರು. ಎರಡನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗುವನ್ನು ತೊಂದರೆಯ ಪಟ್ಟಿಗೆ ಸೇರಿಸುವ ಪರೀಕ್ಷೆ ಇಂಗ್ಲಿಷಿನ ಅಳತೆಗೋಲನ್ನು ಹಿಡಿದುಕೊಂಡಿದೆ ಎಂದೇ ಅರ್ಥ.

ಗಡಿ ಸಮೀಪದ ಈ ತಾಲ್ಲೂಕುಗಳಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು; ಉರ್ದು ಮನೆಮಾತಿನವರೂ ಇದ್ದಾರೆ. ಅವರಿಗೆ ಕನ್ನಡದ ಬರಹದಲ್ಲಿ ಗಣಿತದ ಪ್ರಶ್ನೆ ಕೊಟ್ಟರೆ ನೀವು ಅಳೆದದ್ದು ಗಣಿತವನ್ನೋ, ಕನ್ನಡವನ್ನೋ? ಒಂದೇ ಸಮೀಕರಣದಿಂದ ಎರಡು ಅವ್ಯಕ್ತಗಳನ್ನು ಬಿಡಿಸಲಾಗದು. ಪ್ರಶ್ನೆಯನ್ನು ಮನೆಮಾತಿನಲ್ಲಿ ಮತ್ತೊಮ್ಮೆ ಬಾಯಲ್ಲಿ ಕೇಳಿ ನೋಡಿ. ಆಗ ಎರಡನೆಯ ಸಮೀಕರಣ ಸಿಗುತ್ತದೆ.

ಅಳತೆ ಶಿಕ್ಷೆಯಾದಾಗ

ಅಳತೆಯ ಫಲಿತಾಂಶಕ್ಕೆ ಬಹುಮಾನ, ಶಿಕ್ಷೆ ಅಂಟಿಕೊಂಡರೆ ಜನ ಅಳತೆಯನ್ನೇ ತಿರುಚತೊಡಗುತ್ತಾರೆ ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಎಚ್ಚರಿಸಿದ್ದರು. ನಮ್ಮ ರಾಜ್ಯದಲ್ಲಿ 2023ರಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂದಾಗ ವಿಷಯ ಹೈಕೋರ್ಟಿಗೆ ಹೋಯಿತು. 2024ರಲ್ಲಿ ಇಂಥ ಪರೀಕ್ಷೆಗಳ ಫಲಿತಾಂಶ ಪ್ರಕಟಣೆಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ಕಾನೂನಿನ ವಾದ ಏನೇ ಇರಲಿ, ಬೋಧನೆಯ ದೃಷ್ಟಿಯಿಂದ ಒಂದು ಮಾತು ಸ್ಪಷ್ಟ: ಮಾರ್ಚ್‌ನಲ್ಲಿ ಬರುವ ಅಂಕದಿಂದ ಆ ವರ್ಷದ ಪಾಠವನ್ನು ತಿದ್ದಲಾಗದು. ಜರಡಿ ಪರೀಕ್ಷೆಯ ಪಟ್ಟಿ ತರಗತಿಯೊಳಗೇ ಇರಲಿ. ಅದನ್ನು ಸೂಚನಾ ಫಲಕಕ್ಕೆ ಅಂಟಿಸಬಾರದು. ಶಾಲೆಗಳನ್ನು ಹೋಲಿಸಲೂ ಬಳಸಬಾರದು.

ಹಾಗಾದರೆ ಏನು ಮಾಡಬೇಕು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು (1920–2005) ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಹೇಳಿದರು. ಪರೀಕ್ಷೆಗಳಿಗೂ ಅದು ಅನ್ವಯಿಸುತ್ತದೆ. ಯಾರೇ ಒಂದು ಪರೀಕ್ಷೆಯನ್ನು ನಿಮ್ಮ ಶಾಲೆಗೆ ತಂದರೂ ಹೀಗೆ ಕೇಳಿ: ಇದು ಮೂರರಲ್ಲಿ ಯಾವ ಪ್ರಶ್ನೆಗೆ? ಕನ್ನಡ ಓದುವ ಮಕ್ಕಳ ಮೇಲೆ ಪ್ರಯೋಗಿಸಿ ನೋಡಿದ್ದೀರಾ? ನೆರವು ಬೇಕಾದವರಲ್ಲಿ ಎಷ್ಟು ಮಂದಿಯನ್ನು ಬಿಟ್ಟುಬಿಡುತ್ತದೆ, ಬೇಡದವರಲ್ಲಿ ಎಷ್ಟು ಮಂದಿಯನ್ನು ಹಿಡಿಯುತ್ತದೆ? ಇಬ್ಬರು ಶಿಕ್ಷಕರು ಪ್ರತ್ಯೇಕವಾಗಿ ಪರೀಕ್ಷಿಸಿದರೆ ಒಂದೇ ಉತ್ತರ ಬರುತ್ತದೆಯೆ? ಫಲಿತಾಂಶ ಬಂದ ಮರುದಿನ ತರಗತಿಯಲ್ಲಿ ಏನು ಬದಲಾಗುತ್ತದೆ? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಪರೀಕ್ಷೆ ಬೇಡ. ಅಷ್ಟು ಹೊತ್ತು ಪಾಠ ಮಾಡಿ.

ಶಾಲೆಯೊಂದಕ್ಕೆ ನನ್ನ ಸಲಹೆ ಇಷ್ಟು. ಜೂನ್‌ನಲ್ಲಿ ಪ್ರತಿ ಮಗುವಿಗೂ ಐದು ನಿಮಿಷದ ಮೌಖಿಕ ಜರಡಿ. ಸಿಕ್ಕಿಬಿದ್ದವರಿಗೆ ಮಾತ್ರ ವಾರದ ಬಳಿಕ ಎರಡನೆಯದು. ಉಳಿದವರಿಗೆ ಎರಡು ವಾರಕ್ಕೊಮ್ಮೆ ಒಂದು ನಿಮಿಷದ ಓದು. ಒಂದು ಮಗುವಿನ ಎಣಿಕೆ 22, 27, 21, 29, 30, 28, 34, 33 ಅಕ್ಷರಗಳು ಎಂದಿಟ್ಟುಕೊಳ್ಳಿ. ಮೂರನೆಯ ಸಲ ಇಳಿಯಿತೆಂದು ಗಾಬರಿಯಾಗಬೇಡಿ. ಮೊದಲ ಮೂರರ ಸರಾಸರಿ 23. ಕೊನೆಯ ಮೂರರದು 32. ಮಗು ಮುಂದೆ ಸಾಗುತ್ತಿದೆ. ರೇಖೆ ಮಟ್ಟಸವಾಗಿಯೇ ಉಳಿದರೆ ಬದಲಿಸಬೇಕಾದದ್ದು ನಮ್ಮ ಕಲಿಸುವ ವಿಧಾನವನ್ನು.

ಒಂದು ಗ್ರಾಫ್ ಹಾಳೆ, ಒಂದು ಗಡಿಯಾರ, ಒಂದೇ ಮಟ್ಟದ ಹತ್ತು ಕಥೆಗಳು. ಬೇಕಾದ ಸಲಕರಣೆ ಇಷ್ಟೆ. ವಿಜ್ಞಾನ ವಿದ್ಯಾರ್ಥಿಗಳು ತಮ್ಮೂರಿನ ಪ್ರಾಥಮಿಕ ಶಾಲೆಗೆ ಹೋಗಿ ಶಿಕ್ಷಕರೊಡನೆ ಈ ಗ್ರಾಫ್‌ಗಳನ್ನು ಹಾಕಿಕೊಡಬಹುದು. ದೋಷದ ಲೆಕ್ಕವನ್ನು ಕಲಿಯಲು ಇದಕ್ಕಿಂತ ಉಪಯುಕ್ತವಾದ ಪ್ರಯೋಗ ಸಿಗುವುದು ಅಪರೂಪ.