ವೀರಗಲ್ಲೂ ವಿಮಾನವೂ

ನಮ್ಮ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಕೆಳಗಣದರಲ್ಲಿ ಕಾಳೆಗ, ನಡುವಣದರಲ್ಲಿ ಅಪ್ಸರೆಯರು ಮಡಿದವನನ್ನು ವಿಮಾನದಲ್ಲಿ ಒಯ್ಯುವುದು, ಮೇಲಣದರಲ್ಲಿ ಆತನು ಶಿವಸನ್ನಿಧಿಯಲ್ಲಿರುವುದು. ಶಿಲ್ಪಿಯ ಲೋಕದಲ್ಲಿ ವಿಮಾನವು ಬರುವುದು ಮರಣದ ತರುವಾಯ. ವಿಮಾನದಲ್ಲಿಯೇ ಕಾದಿ, ವಿಮಾನದೊಡನೆಯೇ ಕೆಡೆದವನನ್ನು ಸ್ಮರಿಸುವ ಕ್ರಮವೇನು? 2025ನೆಯ ಜನವರಿಯಲ್ಲಿ ಹೊರಬಂದ 'ಸ್ಕೈ ಫೋರ್ಸ್' ಎಂಬ ಹಿಂದೀ ಚಲಚ್ಚಿತ್ರವನ್ನು ನೋಡಿದ ಕನ್ನಡಿಗರ ಮನದಲ್ಲಿ ಈ ಪ್ರಶ್ನೆ ಏಳತಕ್ಕದ್ದೇ. ಏಕೆಂದರೆ ಅದರ ಕಥೆಗೆ ಮೂಲನಾದವನು ಕೊಡಗಿನ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

ವೃತ್ತಾಂತವನ್ನು ಮೊದಲು ಸಂಗ್ರಹಿಸುವೆನು. 1965ನೆಯ ಸೆಪ್ಟೆಂಬರ್ 7ರ ನಸುಕು. ನಮ್ಮ ವಾಯುಸೇನೆಯ ಒಂದನೆಯ ದಳದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಕತ್ತಲೆಯಲ್ಲಿಯೇ ಮೇಲೆದ್ದು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ಎರಗಹೊರಟವು. ದೇವಯ್ಯನವರು ಆ ಹನ್ನೆರಡರಲ್ಲಿ ಸೇರಿದವರಲ್ಲ. ಯಾವನಾದರೂ ಹಿಂದುಳಿದರೆ ಸ್ಥಾನ ತುಂಬಲೆಂದು ಕಾದಿರಿಸಿದ್ದವರು. ಒಂದು ವಿಮಾನವು ಹಿಂದುಳಿಯಿತು, ಅವರು ಹೋದರು. ಅಲ್ಲಿ ಅಮೇರಿಕಾದೇಶದಿಂದ ಬಂದ, ಶಬ್ದಕ್ಕಿಂತ ಎರಡರಷ್ಟು ವೇಗವುಳ್ಳ ಸ್ಟಾರ್‌ಫೈಟರ್ ಅವರನ್ನು ಅಡ್ಡಗಟ್ಟಿತು. ಪೆಟ್ಟುತಿಂದ ಹಳೆಯ ವಿಮಾನವನ್ನು ತಿರುಗಿಸಿ ಅವರು ಎದುರಿಸಿದರು. ಸ್ಟಾರ್‌ಫೈಟರಿನ ಚಾಲಕನು ಹೊರಕ್ಕೆ ಹಾರಿ ಬದುಕಿದನು; ದೇವಯ್ಯನವರು ಮರಳಲಿಲ್ಲ. ಉಳಿದವರು ಇದೊಂದನ್ನೂ ಕಾಣಲಿಲ್ಲವಾದ್ದರಿಂದ ಲೆಕ್ಕದಲ್ಲಿ ಅವರು 'ಕಾಣೆಯಾದವರು' ಮಾತ್ರವಾದರು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ಪಕ್ಷದಿಂದ ಬರೆದ ಗ್ರಂಥವು ಪ್ರಕಾಶವಾದ ಮೇಲೆ ಸಂಗತಿಯು ಹೊರಬಿದ್ದಿತು. 1988ರಲ್ಲಿ, ಅಂದರೆ ಇಪ್ಪತ್ತುಮೂರು ವರ್ಷಗಳ ಅನಂತರ, ಮಹಾವೀರಚಕ್ರವು ಅವರ ಪತ್ನಿಯ ಕೈಸೇರಿತು.

ಇಂತಹ ವೀರನನ್ನು ಹೊಗಳುವಾಗ ನಮ್ಮ ನಾಲಗೆಗೆ ಬೇಗನೆ ಬರುವ ಉಪಮಾನ ಅಭಿಮನ್ಯುವಿನದು. ಇದು ಅನುಚಿತವೆಂದು ನನ್ನ ಮತ. ಅಭಿಮನ್ಯುವನ್ನು ಅನೇಕ ಮಹಾರಥರು ಕೂಡಿ ಅನ್ಯಾಯದಿಂದ ಕೊಂದರು. ಇಲ್ಲಿಯಾದರೋ ಒಬ್ಬನಿಗೆ ಒಬ್ಬನು. ಆ ಉಪಮೆಯಿಂದ ಎದುರಾಳಿಗೆ ಇಲ್ಲದ ಕಳಂಕ, ನಮ್ಮವನಿಗೆ ಇಲ್ಲದ ದೈನ್ಯ. ದ್ರೋಣಪರ್ವದಲ್ಲಿ ಇದಕ್ಕೆ ತಕ್ಕ ಬೇರೊಬ್ಬನಿದ್ದಾನೆ: ಇರುಳ ಕಾಳೆಗದಲ್ಲಿ ಆಗಸದಿಂದ ಕಾದಿದ ಘಟೋತ್ಕಚ. ಅವನು ಮಡಿದನು, ಆದರೆ ಅರ್ಜುನನಿಗೆಂದು ಕರ್ಣನು ಕಾಪಿಟ್ಟ ಶಕ್ತ್ಯಾಯುಧವನ್ನು ವ್ಯಯಮಾಡಿಸಿ ಮಡಿದನು. ದೇವಯ್ಯನವರೂ ಶತ್ರುವಿನ ಅತಿಶಯವಾದ ಆಯುಧವೊಂದನ್ನು ಕೆಡವಿ ಕೆಡೆದರು. ಭೇದವಿಷ್ಟೆ: ಘಟೋತ್ಕಚನ ಪತನವನ್ನು ಎರಡು ಸೇನೆಗಳೂ ಕಂಡುವು, ಇವರದನ್ನು ಸ್ವಪಕ್ಷದವರು ಯಾರೂ ಕಾಣಲಿಲ್ಲ. ಇಲ್ಲಿಯ ಕರುಣವೆಲ್ಲ ಈ ಭೇದದಲ್ಲಿದೆ.

ಚಲಚ್ಚಿತ್ರಕ್ಕೆ ಬರೋಣ. ಕಾಣೆಯಾದ ಸಹಚರನ ಗತಿಯನ್ನು ದಳನಾಯಕನು ವರ್ಷಗಟ್ಟಲೆ ಅರಸುವ ಭಾಗವು ಅದರ ಸಾರ, ಅದನ್ನು ಮೆಚ್ಚಲೇಬೇಕು. ಆದರೆ ಕಥೆಯೊಳಗೆ ವೀರನ ಹೆಸರು ದೇವಯ್ಯ ಎಂದಲ್ಲ, ವಿಜಯ ಎಂದು. ಕವಿಗೆ ಹೆಸರು ಮಾರ್ಪಡಿಸುವ ಸ್ವಾತಂತ್ರ್ಯವಿಲ್ಲವೆ ಎಂದು ಕೆಲವರು ಕೇಳಬಹುದು. ಕಲ್ಪಿತಕಥೆಯಲ್ಲಿ ಇದೆ. ಆದರೆ ಇಪ್ಪತ್ತುಮೂರು ವರ್ಷ ಗುರುತಿಲ್ಲದೆ ಉಳಿದವನೊಬ್ಬನಿಗೆ ಗುರುತನ್ನು ಮರಳಿಸುವುದೇ ವಸ್ತುವಾಗಿರುವ ಕೃತಿಯಲ್ಲಿ ಆ ಗುರುತನ್ನೇ ಬದಲಿಸುವುದು ಹೇಗೆ ಒಪ್ಪೀತು? ರಸಭಂಗಕ್ಕೆ ಅನೌಚಿತ್ಯವಲ್ಲದೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ಸಾರಿರುವನಷ್ಟೆ. ಎರಡನೆಯದಾಗಿ, ವೀರರಸದ ಸ್ಥಾಯಿಯು ಉತ್ಸಾಹ, ಕ್ರೋಧವಲ್ಲ. ಆರ್ಭಟವು ಹೆಚ್ಚಿದಷ್ಟೂ ವೀರವು ರೌದ್ರಕ್ಕೆ ಜಾರುತ್ತದೆ. ಚಿತ್ರದ ಪೂರ್ವಾರ್ಧದಲ್ಲಿ ಈ ಜಾರುವಿಕೆ ಕಾಣುತ್ತದೆ.

ಇದಕ್ಕೆ ಪ್ರತಿಯಾಗಿ ಬೇಗೂರಿನ ಶಾಸನವನ್ನು ನೋಡಿರಿ. ವಿಜಯನಗರ, ಕೆಂಗೇರಿಗಳ ಓದುಗರಿಗೆ ಅದು ದೂರದ ಊರಲ್ಲ. ಸುಮಾರು ಕ್ರಿ.ಶ. 890ರ ಆ ಬರೆಹವು ಬೆಂಗಳೂರ ಕಾಳೆಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿಯು ಸತ್ತನೆಂದು ಹೇಳುತ್ತದೆ. ವಿಶೇಷಣವಿಲ್ಲ, ವಿಲಾಪವಿಲ್ಲ, ಊರು, ತಂದೆ, ಹೆಸರು, ಒಂದು ಕ್ರಿಯಾಪದ. ಹನ್ನೊಂದು ಶತಮಾನಗಳ ಮೇಲೆಯೂ ಆ ಮನುಷ್ಯನು ಅಳಿದಿಲ್ಲ.

ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿರುವುದು ಸಂತೋಷವೇ ಸರಿ. ಆದರೆ ಹೆಸರು ಮಾತ್ರ ಸಾಲದು. ಶಾಸನಕಾರನ ಮಿತಭಾಷೆಯಲ್ಲಿ ವಾಕ್ಯವೂ ಬೇಕು. ಬಲ್ಲವರು ಇದಕ್ಕಿಂತ ಚೆನ್ನಾಗಿ ಬರೆಯಲಿ ಎಂಬ ಆಶೆಯಿಂದ ಒಂದು ಕರಡನ್ನು ಒಪ್ಪಿಸುತ್ತೇನೆ: "1965ನೆಯ ಸೆಪ್ಟೆಂಬರ್ 7ರಂದು ಸರಗೋಧಾದ ದಾಳಿಯಲ್ಲಿ, ಕೊಡಗಿನ ಅಜ್ಜಮಾಡ ದೇವಯ್ಯನು, ತನ್ನದಲ್ಲದ ಸರದಿಯಲ್ಲಿ ಹೋಗಿ, ತನಗಿಂತ ಬಲವಾದ ವಿಮಾನವನ್ನು ಕೆಡವಿ, ತಾನೂ ಸತ್ತನು. ಇದನ್ನು ಹಗೆಯ ಪಕ್ಷದವರು ಹೇಳಲು ನಾವು ತಿಳಿದೆವು."